ಅರಿಸಿನದ ಮಾತ್ರೆ

ಬೋರಗಾಂವದಲ್ಲಿರುವ ನಮ್ಮ ದೊಡ್ಡವ್ವನ ತವರು ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿ. ಅರಿಸಿನದ ಗಡ್ಡೆಯನ್ನು ಅಗೆದು, ಬೇಯಿಸಿ, ಒಣಗಿಸಿ, ತಿಕ್ಕಿ ಹೊಳಪು ಕೊಡುವ ಕೆಲಸದಲ್ಲಿಯೇ ಆಕೆಯ ಬಾಲ್ಯದ ಮಾಘ ಫಾಲ್ಗುಣಗಳೆಲ್ಲ ಕಳೆದುವು. ಈಗ 78ರ ವಯಸ್ಸಿನಲ್ಲಿಯೂ ಒಂದು ಕೊಂಬನ್ನು ಮೂಸಿ ನೋಡಿ ಅದು ಈ ಸಲದ ಫಸಲೋ ಹೋದ ವರ್ಷದ್ದೋ ಎಂಬುದನ್ನು ಆಕೆ ಹೇಳಬಲ್ಲಳು. ಇಂಥವಳಿಗೆ ಪುಣೆಯಲ್ಲಿರುವ ಮಗ, ತಾಯಿಯ ಮೊಣಕಾಲ ನೋವಿನ ಸುದ್ದಿಯನ್ನು ಫೋನಿನಲ್ಲಿ ಕೇಳಿ ಕೇಳಿ ಮನಸ್ಸು ತಾಳದೆ, ಸಂಕ್ರಾಂತಿಯ ಹೊತ್ತಿಗೆ ಒಂದು ಬಿಳಿಯ ಡಬ್ಬಿಯನ್ನು ಕಳುಹಿಸಿಕೊಟ್ಟನು. ಅರಿಸಿನದ ಸಾರ 500 ಮಿಲಿಗ್ರಾಂ, ಅದರಲ್ಲಿ ನೂರಕ್ಕೆ 95 ಪಾಲು ಕರ್ಕ್ಯುಮಿನ್ ವರ್ಗದ ದ್ರವ್ಯ, ಜೊತೆಗೆ ಕರಿಮೆಣಸಿನ ಸಾರ 5 ಮಿಲಿಗ್ರಾಂ, ‘ನೈಸರ್ಗಿಕ ಆಂಟಿಆಕ್ಸಿಡೆಂಟ್’ ಎಂಬುದಾಗಿ ಡಬ್ಬಿಯ ಮೇಲಿದ್ದುದನ್ನು ನಾನು ಓದಿ ಹೇಳುತ್ತಿದ್ದಂತೆಯೇ ದೊಡ್ಡವ್ವ ಒಂದು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಹೊದಿಕೆಯನ್ನು ಉಗುರಿನಿಂದ ಬಿಡಿಸಿ, ಒಳಗಿನ ಕಿತ್ತಳೆ ಬಣ್ಣದ ಪುಡಿಯನ್ನು ಮೂಗಿನ ಬಳಿಗೆ ಒಯ್ದಳು.

“ತಮ್ಮಾ, ಇದಕ್ಕ ಅರಿಷಿಣದ ವಾಸನೀನ ಇಲ್ಲಲ್ಲೋ. ಇದ್ಯಾವ ಹೊಲದ ಅರಿಷಿಣಾ?”

ಆ ಪ್ರಶ್ನೆ ಎಷ್ಟು ಯುಕ್ತವಾದುದೆಂಬುದು ನನಗೆ ಮುಂದೆ ಓದುತ್ತ ಹೋದಂತೆ ತಿಳಿಯಿತು. ಅರಿಸಿನದ ಬಣ್ಣಕ್ಕೆ ಕಾರಣವಾದ ದ್ರವ್ಯ ಬೇರೆ, ವಾಸನೆಗೆ ಕಾರಣವಾದ ದ್ರವ್ಯ ಬೇರೆ. ಬಣ್ಣವು ಕರ್ಕ್ಯುಮಿನ್ ಮತ್ತು ಅದರ ಒಡಹುಟ್ಟಿದ ಎರಡು ದ್ರವ್ಯಗಳಿಂದ ಬರುವುದು. ವಾಸನೆಯು ಗಾಳಿಗೆ ಆರಿಹೋಗುವ ತೈಲದಿಂದ ಬರುವುದು. ಗಡ್ಡೆಯಿಂದ ಬಣ್ಣವನ್ನಷ್ಟೇ ಹಿಂಡಿ, ತೈಲವನ್ನೂ ಹಿಟ್ಟನ್ನೂ ನಾರನ್ನೂ ಕಳೆದು, ಮನೆಯ ಪುಡಿಯಲ್ಲಿ ನೂರಕ್ಕೆ ಸುಮಾರು 3 ಪಾಲು ಇರುವ ವಸ್ತುವನ್ನು 95 ಪಾಲಿಗೆ ಏರಿಸಿದ ಮೇಲೆ ಉಳಿಯುವುದು ಅರಿಸಿನದ ಒಂದು ಅಂಶವೇ ಹೊರತು ಅರಿಸಿನವಲ್ಲ. ದೊಡ್ಡವ್ವನ ಮೂಗು ಒಂದು ಕ್ಷಣದಲ್ಲಿ ಕಂಡುಕೊಂಡ ಈ ವ್ಯತ್ಯಾಸದಲ್ಲಿಯೇ, ಇಂದು ಪೇಟೆಪೇಟೆಯ ಔಷಧದಂಗಡಿಗಳಲ್ಲಿ ಮಾರಾಟವಾಗುತ್ತಿರುವ ‘ನೈಸರ್ಗಿಕ’ ಗುಳಿಗೆಗಳ ಬಗೆಗೆ ನಾವು ತಿಳಿಯಬೇಕಾದುದರ ಬಹುಭಾಗ ಅಡಗಿದೆಯೆಂದು ನನ್ನ ನಂಬಿಕೆ.

ಅರಿಸಿನವು ನಮ್ಮ ಸೀಮೆಯವರಿಗೆ ಪುಡಿಯ ಪೊಟ್ಟಣವಾಗಿ ಪರಿಚಯವಾದುದಲ್ಲ. ಅಕ್ಷಯ ತದಿಗೆಯ ಸುಮಾರಿಗೆ ಮಣ್ಣಿಗಿಟ್ಟ ಬೀಜದ ಗಡ್ಡೆಯು ಎಂಟು ಒಂಬತ್ತು ತಿಂಗಳು ನೆಲದೊಳಗೆ ಬೆಳೆದು, ಮೇಲಿನ ಎಲೆ ಹಳದಿಯಾಗಿ ಒಣಗಿ ನೆಲಕ್ಕೆ ಒರಗಿದಾಗ ಅಗೆತ ಪ್ರಾರಂಭವಾಗುತ್ತದೆ. ತಾಯಿಗಡ್ಡೆಯನ್ನೂ ಅದರಿಂದ ಒಡೆದ ಬೆರಳುಗಳಂಥ ಕೊಂಬುಗಳನ್ನೂ ಬೇರ್ಪಡಿಸಿ, ದೊಡ್ಡ ಕೊಪ್ಪರಿಗೆಯಲ್ಲಿ ನೀರು ತುಂಬಿ, ಅದೇ ಬೆಳೆಯ ಒಣ ಎಲೆಯನ್ನೇ ಉರುವಲಾಗಿ ಒಡ್ಡಿ ಬೇಯಿಸುವರು. ಬೇಯುವಾಗ ಏಳುವ ಬಿಳಿಯ ನೊರೆಯನ್ನೂ ಊರಗಲಕ್ಕೂ ಹರಡುವ ಆ ಮಣ್ಣು ಬೆರೆತ ಘಮವನ್ನೂ ಒಮ್ಮೆ ಕಂಡವರು ಮರೆಯಲಾರರು. ಒಂದು ಕಡ್ಡಿಯನ್ನು ಚುಚ್ಚಿದರೆ ತಡೆಯಿಲ್ಲದೆ ಒಳಗಿಳಿಯಬೇಕು, ಅದು ಹದ. ಹದ ಮೀರಿದರೆ ಬಣ್ಣ ಕೆಡುವುದು, ಹದ ಬರದಿದ್ದರೆ ಒಣಗಿದ ಕೊಂಬು ಮುರುಟಿ ಪುಡಿಪುಡಿಯಾಗುವುದು. ಬೇಯಿಸುವುದರಿಂದ ಮೊಳಕೆಯ ಕಣ್ಣು ಸತ್ತು, ಒಳಗಿನ ಹಿಟ್ಟು ಅಂಟಾಗಿ, ಬಣ್ಣವು ಕೊಂಬಿನ ಉದ್ದಕ್ಕೂ ಸಮನಾಗಿ ಹರಡುವುದಷ್ಟೆ. ಬಳಿಕ ಹತ್ತು ಹದಿನೈದು ದಿನ ಬಿಸಿಲಲ್ಲಿ ಒಣಗಿಸಿ, ತಿರುಗುವ ಪೀಪಾಯಿಯೊಳಗೆ ಹಾಕಿ ತಿಕ್ಕಿ ಹೊಳಪು ತರುವರು. ನೂರು ಕಿಲೋ ಹಸಿಯ ಗಡ್ಡೆಯಿಂದ ಕೊನೆಗೆ ಕೈಗೆ ಬರುವುದು ಸುಮಾರು 20 ಕಿಲೋ. ಈಗ ಕೊಪ್ಪರಿಗೆಯ ಸ್ಥಾನಕ್ಕೆ ಉಗಿಯ ಯಂತ್ರ ಬಂದಿದೆ. ಕೆಲಸ ಬೇಗನೆ ಮುಗಿಯುತ್ತದೆ, ಕಣ್ಣಿಗೆ ಹೊಗೆಯ ಬಾಧೆಯೂ ಇಲ್ಲ.

ಹೀಗೆ ಸಿದ್ಧವಾದ ಅರಿಸಿನವು ಚಿಕ್ಕೋಡಿ, ರಾಯಬಾಗ, ಅಥಣಿಗಳ ಹೊಲಗಳಿಂದ ತಲೆಮಾರುಗಳ ಕಾಲ ಸಾಂಗಲಿಯ ಪೇಟೆಗೆ ಹೋಗುತ್ತ ಬಂದಿದೆ. 2018ರಲ್ಲಿ ‘ಸಾಂಗಲಿ ಅರಿಸಿನ’ಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಾಂಗಲಿಯ ಪಕ್ಕದ ಹರಿಪುರದಲ್ಲಿ, ಕೃಷ್ಣಾ ವಾರಣಾ ನದಿಗಳ ಸಂಗಮದ ಬಳಿಯ ಗಟ್ಟಿ ಮಣ್ಣಿನಲ್ಲಿ, ನಮ್ಮ ಹಿರಿಯರು ಜೋಳ ತುಂಬುತ್ತಿದ್ದ ಹಗೇವುಗಳಂತೆಯೇ ಅರಿಸಿನ ತುಂಬುವ ಹಗೇವುಗಳನ್ನು ತೋಡಿದ್ದರು. ಬಾಯಿಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಿದ ಮೇಲೆ ಒಳಗಿದ್ದ ಪ್ರಾಣವಾಯುವು ಕ್ರಮೇಣ ಮುಗಿದುಹೋಗಿ, ಹುಳ ಹುಪ್ಪಟೆಗಳು ಬದುಕಲಾರದೆ, ಅರಿಸಿನವು ವರ್ಷಗಳವರೆಗೆ ಬಣ್ಣಗೆಡದೆ ಉಳಿಯುತ್ತಿತ್ತು. ಹಗೇವನ್ನು ತೆರೆದೊಡನೆ ಯಾರೂ ಇಳಿಯುವಂತಿರಲಿಲ್ಲ. ಕೆಲವು ಗಂಟೆ ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ಲಾಟೀನನ್ನು ಒಳಗಿಳಿಸಿ, ದೀಪವು ನಂದದೆ ಉರಿದರೆ ಮಾತ್ರ ಆಳು ಇಳಿಯುವನು. 2005ರ ಮಹಾಪೂರದ ನೀರು ನುಗ್ಗಿ ಆ ಹಗೇವುಗಳಲ್ಲಿ ಅನೇಕವು ಹಾಳಾದುವು. ಇಂದು ಸರಕಿನ ಬಹುಭಾಗ ಉಗ್ರಾಣಗಳಲ್ಲಿ, ಶೀತಗೃಹಗಳಲ್ಲಿ ಇರುತ್ತದೆ.

ಯಾವ ಪ್ರಾಣವಾಯುವಿಲ್ಲದೆ ದೀಪವೂ ಆಳೂ ಉಳಿಯರೋ ಅದೇ ಪ್ರಾಣವಾಯುವೇ ಅರಿಸಿನವನ್ನು ಕೆಡಿಸುವ ಶತ್ರುವೂ ಹೌದೆಂಬ ಈ ಹಗೇವಿನ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡರೆ ‘ಆಂಟಿಆಕ್ಸಿಡೆಂಟ್’ ಎಂಬ ಶಬ್ದದ ಅರ್ಥವು ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಎಣಗಾಯಿಗೆಂದು ಸೀಳಿಟ್ಟ ಬದನೆಕಾಯಿ ಕ್ಷಣಮಾತ್ರದಲ್ಲಿ ಕಪ್ಪಾಗುವುದು, ಅಟ್ಟದ ಮೇಲೆ ಮರೆತ ಕುಡಗೋಲು ತುಕ್ಕು ಹಿಡಿಯುವುದು, ಡಬ್ಬಿಯ ತಳದಲ್ಲಿ ಉಳಿದ ಶೇಂಗಾ ಎಣ್ಣೆ ಕಮಟುವುದು, ಇವೆಲ್ಲವೂ ಪ್ರಾಣವಾಯುವು ವಸ್ತುವಿನೊಡನೆ ಕೂಡಿ ಅದರ ಸ್ವರೂಪವನ್ನೇ ಬದಲಿಸುವ ಕ್ರಿಯೆಗಳು. ಶಾಸ್ತ್ರದಲ್ಲಿ ಇದಕ್ಕೆ ಉತ್ಕರ್ಷಣವೆಂದು ಹೆಸರು; ಇದನ್ನು ತಡೆಯುವುದು ಅಥವಾ ತಡಮಾಡುವುದು ಉತ್ಕರ್ಷಣ ನಿರೋಧಕ. ಸೀಳಿದ ಬದನೆಯನ್ನು ಹುಣಿಸೆಯ ನೀರಿನಲ್ಲಿ ಮುಳುಗಿಸುವ ಗೃಹಿಣಿ ಆ ಹೆಸರನ್ನು ಕೇಳದೆಯೇ ಆ ಕೆಲಸವನ್ನು ಮಾಡುತ್ತಿದ್ದಾಳೆ.

ನಮ್ಮ ಶರೀರದೊಳಗೂ ಇದು ಅಹರ್ನಿಶಿ ನಡೆಯುತ್ತಿರುವ ವ್ಯಾಪಾರ. ಉಂಡ ಅನ್ನವನ್ನು ಉಸಿರಿನ ಪ್ರಾಣವಾಯುವಿನಿಂದ ಉರಿಸಿ ಶಕ್ತಿಯನ್ನು ಪಡೆಯುವಾಗ ಪ್ರತಿಯೊಂದು ಜೀವಕೋಶದಲ್ಲಿಯೂ, ಒಲೆಯಿಂದ ಸಿಡಿಯುವ ಕಿಡಿಗಳಂತೆ, ಮುಕ್ತ ಮೂಲಕಗಳೆಂಬ ಚಂಚಲ ಕಣಗಳು ಹುಟ್ಟುತ್ತವೆ. ಅವು ತಾಗಿದ ಕಡೆ ಕೊಬ್ಬನ್ನೂ ಪ್ರೋಟೀನನ್ನೂ ವಂಶತಂತುವನ್ನೂ ಘಾಸಿಗೊಳಿಸಬಲ್ಲವು. ಈ ಘಾಸಿಯ ಸಂಚಯವೇ ಮುಪ್ಪಿಗೆ ಕಾರಣವಿರಬಹುದೆಂದು ಅಮೆರಿಕೆಯ ಡೆನ್‌ಹಾಮ್ ಹಾರ್ಮನ್ 1956ರಲ್ಲಿ ಒಂದು ವಾದವನ್ನು ಮಂಡಿಸಿದನು. ಆ ಕಿಡಿಗಳನ್ನು ಆರಿಸುವ ಏರ್ಪಾಡು ಶರೀರದಲ್ಲಿಯೇ ಇದೆಯೆಂಬುದನ್ನು ಮಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು 1969ರಲ್ಲಿ ಒಂದು ಕಿಣ್ವದ ಕೆಲಸವನ್ನು ಗುರುತಿಸಿ ತೋರಿಸಿದರು. ಹಾಗಿದ್ದ ಮೇಲೆ ಹೊರಗಿನಿಂದ ಇನ್ನಷ್ಟು ನಿರೋಧಕವನ್ನು ನುಂಗಿದರೆ ಕಿಡಿಗಳೆಲ್ಲ ಆರಿ ರೋಗವೂ ಮುಪ್ಪೂ ದೂರವಾಗುವುವಲ್ಲವೇ ಎಂಬ ತರ್ಕ ಹುಟ್ಟಿದುದು ಸಹಜವೇ ಆಗಿದೆ. ಆದರೆ ಆ ಕಿಡಿಗಳು ಕೇವಲ ಶತ್ರುಗಳಲ್ಲ. ರಕ್ತದ ಬಿಳಿಯ ಕಣಗಳು ಒಳನುಗ್ಗಿದ ಕ್ರಿಮಿಗಳನ್ನು ಸುಡುವುದು ಅವುಗಳಿಂದಲೇ. ಹೊಲದಲ್ಲಿ ದುಡಿದಾಗ ಸ್ನಾಯುಗಳು ಬಲಗೊಳ್ಳುವಂತೆ ಸೂಚನೆ ಕೊಡುವುದೂ ಅವುಗಳೇ. 2009ರಲ್ಲಿ ಜರ್ಮನಿಯ ಸಂಶೋಧಕರು ವ್ಯಾಯಾಮ ಮಾಡುವ ತರುಣರಿಗೆ ವಿಟಮಿನ್ ಸಿ ಮತ್ತು ಇ ಗುಳಿಗೆಗಳನ್ನು ಕೊಟ್ಟು ನೋಡಿದಾಗ, ವ್ಯಾಯಾಮದಿಂದ ರಕ್ತದ ಸಕ್ಕರೆಯ ಹತೋಟಿಗೆ ಆಗಬೇಕಾಗಿದ್ದ ಲಾಭವನ್ನು ಆ ಗುಳಿಗೆಗಳೇ ತಡೆದುವು.

ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದನ್ನು, ನಿಪ್ಪಾಣಿಯ ಸುತ್ತಲಿನ ನಮ್ಮ ಜನರಿಗೆಂದೇ, ನಾನು ಇಲ್ಲಿ ನಿಧಾನವಾಗಿ ಹೇಳಬೇಕಾಗಿದೆ. ತಂಬಾಕಿನ ನಾಡು ನಮ್ಮದು. ತಂಬಾಕಿನ ಬೆಳೆ, ವಖಾರಿ, ಬೀಡಿ, ಜರ್ದಾ ಇವುಗಳ ಮೇಲೆ ಸಾವಿರಾರು ಮನೆಗಳ ಒಲೆ ಉರಿದಿದೆ, ಸಾವಿರಾರು ಜನರ ಎದೆಯಲ್ಲಿ ಆ ಹೊಗೆ ಕೂತಿದೆ. ತಂಬಾಕಿನ ಹೊಗೆಯ ಒಂದೊಂದು ಗುಟುಕಿನಲ್ಲಿಯೂ ಮುಕ್ತ ಮೂಲಕಗಳು ಕೋಟ್ಯನುಕೋಟಿ ಇರುವುದರಿಂದ, ಗಜ್ಜರಿಯ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೊಟೀನ್ ಎಂಬ ನಿರೋಧಕವನ್ನು ಗುಳಿಗೆಯಾಗಿ ಕೊಟ್ಟರೆ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ರಕ್ಷಣೆಯಾದೀತೆಂಬ ಆಶೆಯಿಂದ ಫಿನ್‌ಲೆಂಡ್ ದೇಶದಲ್ಲಿ 29,133 ಮಂದಿ ಸೇದುವ ಗಂಡಸರ ಮೇಲೆ ಒಂದು ದೊಡ್ಡ ಪರೀಕ್ಷೆಯನ್ನು ನಡೆಸಿದರು. 1994ರಲ್ಲಿ ಅದರ ಫಲವು ಪ್ರಕಟವಾದಾಗ ವೈದ್ಯಲೋಕವೇ ಬೆರಗಾಯಿತು: ಗುಳಿಗೆ ತೆಗೆದುಕೊಂಡವರಲ್ಲಿ ಆ ಕ್ಯಾನ್ಸರು ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಅಮೆರಿಕೆಯಲ್ಲಿ ನಡೆಯುತ್ತಿದ್ದ ಅಂಥದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ, ಇದೇ ಕಾರಣದಿಂದ, ನಡುವೆಯೇ ನಿಲ್ಲಿಸಬೇಕಾಯಿತು. 2012ರಲ್ಲಿ ಅಂಥ 78 ಪರೀಕ್ಷೆಗಳನ್ನೂ ಅವುಗಳಲ್ಲಿ ಪಾಲ್ಗೊಂಡ ಸುಮಾರು 3 ಲಕ್ಷ ಜನರನ್ನೂ ಒಟ್ಟುಗೂಡಿಸಿ ಪರಿಶೀಲಿಸಿದ ಕೊಕ್ರೇನ್ ಸಮೀಕ್ಷೆಯು, ಇಂಥ ಗುಳಿಗೆಗಳಿಂದ ಆಯುಷ್ಯ ಹೆಚ್ಚುವುದೆಂಬುದಕ್ಕೆ ಆಧಾರವಿಲ್ಲವೆಂದೂ, ಬೀಟಾ ಕ್ಯಾರೊಟೀನ್ ಮತ್ತು ವಿಟಮಿನ್ ಇ ಗಳಿಂದ ಮರಣವು ತುಸು ಹೆಚ್ಚುವಂತೆ ತೋರುವುದೆಂದೂ ಹೇಳಿತು. ಬೀಡಿ ಸೇದುವ ನಮ್ಮ ಅಣ್ಣತಮ್ಮಂದಿರು ಗಜ್ಜರಿಯನ್ನು ಯಥೇಚ್ಛವಾಗಿ ತಿನ್ನಲಿ, ಹಸಿಯದನ್ನೇ ರೊಟ್ಟಿಯ ಜೊತೆಗೆ ಕಡಿಯಲಿ. ಆದರೆ ಬೀಟಾ ಕ್ಯಾರೊಟೀನಿನ ಗುಳಿಗೆಯನ್ನು ಮಾತ್ರ ಮುಟ್ಟಬಾರದು. ಬೀಡಿಯ ಹಾನಿಯನ್ನು ಕಳೆಯುವ ಗುಳಿಗೆ ಯಾವ ಅಂಗಡಿಯಲ್ಲಿಯೂ ಇಲ್ಲ, ಬೀಡಿಯನ್ನೇ ಬಿಡಬೇಕು.

ಇನ್ನು ಅರಿಸಿನದ ಮಾತಿಗೆ ಬರೋಣ. ಸಂಸ್ಕೃತದಲ್ಲಿ ಅದಕ್ಕೆ ಹರಿದ್ರಾ ಎಂದೂ, ರಾತ್ರಿಯನ್ನು ಸೂಚಿಸುವ ನಿಶಾ, ರಜನೀ ಎಂಬ ಪದಗಳಿಂದಲೂ ಹೆಸರು. ನೆಲ್ಲಿಕಾಯಿಯೊಡನೆ ಅದನ್ನು ಕೂಡಿಸಿ ಪ್ರಮೇಹಕ್ಕೆ ಕೊಡುವ ಕ್ರಮವನ್ನು ಅಷ್ಟಾಂಗಹೃದಯವು ಹೇಳುತ್ತದೆ. ಯುರೋಪಿನ ರಸಾಯನ ಶಾಸ್ತ್ರಜ್ಞರು ಅದರ ಹಳದಿಯ ದ್ರವ್ಯವನ್ನು ಬೇರ್ಪಡಿಸಿ ಕರ್ಕ್ಯುಮಿನ್ ಎಂದು ಕರೆದುದು 1815ರಲ್ಲಿ. ಅದರ ರಚನೆ ತಿಳಿದುದು 1910ರಲ್ಲಿ. ಅರಿಸಿನದಿಂದ ಗಾಯ ಮಾಯುವುದೆಂಬುದನ್ನು ತಾವೇ ಕಂಡುಹಿಡಿದವರಂತೆ ಅಮೆರಿಕೆಯ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೇಂದ್ರವು 1995ರಲ್ಲಿ ಪೇಟೆಂಟು ಪಡೆದಾಗ, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಪ್ರಾಚೀನ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಪ್ರಬಂಧವನ್ನೂ ಮುಂದಿಟ್ಟು ವಾದಿಸಿ 1997ರಲ್ಲಿ ಅದು ರದ್ದಾಗುವಂತೆ ಮಾಡಿತು. ಆ ಗೆಲುವಿನ ಹೆಮ್ಮೆ ನನಗೂ ಇದೆ. ಆದರೆ ನಮ್ಮ ಅಜ್ಜಿಯರು ಬಲ್ಲ ವಸ್ತುವೆಂಬ ಹೆಮ್ಮೆ ಒಂದು, ಅದರ ಸಾರವನ್ನು ನುಂಗಿದರೆ ಸರ್ವರೋಗವೂ ಪರಿಹಾರವೆಂಬ ಪ್ರಚಾರ ಇನ್ನೊಂದು.

ಗಾಜಿನ ನಳಿಗೆಯಲ್ಲಿ ಕರ್ಕ್ಯುಮಿನ್ ಉತ್ತಮ ಉತ್ಕರ್ಷಣ ನಿರೋಧಕವೆಂಬುದರಲ್ಲಿ ಸಂದೇಹವಿಲ್ಲ. ಗಾಜಿನ ನಳಿಗೆಯಿಂದ ಮನುಷ್ಯನ ರಕ್ತಕ್ಕೆ ಅದು ತಲಪುವ ದಾರಿಯಲ್ಲಿಯೇ ತೊಂದರೆಯಿರುವುದು. ಬಟ್ಟೆಗೆ ತಗುಲಿದ ಅರಿಸಿನದ ಕಲೆ, ಎಷ್ಟು ಒಗೆದರೂ ಹೋಗದಿದ್ದುದು, ಎರಡು ದಿನ ಬಿಸಿಲಿಗೆ ಹಾಕಿದರೆ ತಾನಾಗಿ ಮಾಸಿಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಅದಕ್ಕೆ ಸುಣ್ಣ ಸೋಕಿದರೆ ಆರತಿಯ ನೀರಿನಂತೆ ಕೆಂಪಾಗುವುದನ್ನೂ ನೋಡಿದ್ದೇವೆ. ಇಷ್ಟು ಚಂಚಲವಾದ ದ್ರವ್ಯವದು. ನಮ್ಮ ರಕ್ತದಂತೆ ಬೆಚ್ಚಗಿದ್ದು ತುಸುವೇ ಕ್ಷಾರದ ಕಡೆಗಿರುವ ನೀರಿನಲ್ಲಿ ಅದನ್ನು ಇಟ್ಟರೆ ಅರ್ಧ ಗಂಟೆಯೊಳಗೆ ನೂರಕ್ಕೆ ತೊಂಬತ್ತರಷ್ಟು ಒಡೆದುಹೋಗುತ್ತದೆ. ನೀರಿನಲ್ಲಿ ಕರಗದು, ಕರುಳಿನಿಂದ ಒಳಹೋದ ಅಲ್ಪಾಂಶವನ್ನೂ ಯಕೃತ್ತು ಬೇರೆ ರೂಪಕ್ಕೆ ಮಾರ್ಪಡಿಸಿ ಹೊರಗೆ ಕಳುಹಿಸಿಬಿಡುತ್ತದೆ.

ಈ ಸಮಸ್ಯೆಗೆ ಜಗತ್ಪ್ರಸಿದ್ಧವಾದ ಪರಿಹಾರ ದೊರೆತುದು ನಮ್ಮ ಬೆಂಗಳೂರಿನಲ್ಲಿಯೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಅದರ ಜೊತೆಗೆ ಕರಿಮೆಣಸಿನ ಖಾರಕ್ಕೆ ಮೂಲವಾದ ಪೈಪರಿನ್ ಎಂಬುದನ್ನು 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ ರಕ್ತಕ್ಕೆ ಸೇರಿದ ಪ್ರಮಾಣವು ಇಪ್ಪತ್ತು ಪಟ್ಟು ಏರಿತು. ದೊಡ್ಡವ್ವನ ಡಬ್ಬಿಯ ಮೇಲೆ ಕರಿಮೆಣಸಿನ ಹೆಸರು ಬಂದುದು ಈ ಪ್ರಯೋಗದ ಫಲವಾಗಿ. ಅತ್ತ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಅಡುಗೆಯ ಪಾತ್ರೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು 2007ರಲ್ಲಿ ಪ್ರಕಟಿಸಿದ ವಿಷಯ ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದುದು: ಬೇಯಿಸಿದಾಗ ಅರಿಸಿನದ ಕರ್ಕ್ಯುಮಿನಿನಲ್ಲಿ ನೂರಕ್ಕೆ 27ರಿಂದ 53ರಷ್ಟು ನಷ್ಟವಾಗುವುದಾದರೂ, ಹುಣಿಸೆಯ ಹುಳಿ ಜೊತೆಗಿದ್ದರೆ ನಷ್ಟವು 12ರಿಂದ 30ಕ್ಕೆ ಇಳಿಯುತ್ತದೆ. ಸೀಳಿದ ಬದನೆಯನ್ನು ಕಾಪಾಡಿದ ಹುಣಿಸೆಯೇ ಸಾರಿನಲ್ಲಿ ಅರಿಸಿನದ ಬಣ್ಣವನ್ನೂ ಕಾಪಾಡುತ್ತಿದೆ. ಅರಿಸಿನ, ಹುಣಿಸೆ, ಮೆಣಸು, ಒಗ್ಗರಣೆಯ ಎಣ್ಣೆ ಇವು ನಮ್ಮ ಸಾರಿನಲ್ಲಿ ಕೂಡಿಬಂದುದು ನಾಲಗೆಯ ರುಚಿಗಾಗಿ ಎಂಬುದು ನಿಜವಾದರೂ, ಆ ರುಚಿಯ ಹಿಂದೆ ಇಂಥ ಹೊಂದಾಣಿಕೆಯೊಂದು ಇರುವುದನ್ನು ಕಂಡಾಗ ನನಗೆ ಸಂತೋಷವಾಗದೆ ಇರಲಿಲ್ಲ.

ಹಾಗಾದರೆ ರಕ್ತಕ್ಕೆ ಸೇರಿದ ಕರ್ಕ್ಯುಮಿನಿನಿಂದ ರೋಗ ಗುಣವಾಗುವುದೇ? ಇದಕ್ಕೆ ಉತ್ಸಾಹದಿಂದಲೂ ಉತ್ತರ ಹೇಳಬಾರದು, ತಿರಸ್ಕಾರದಿಂದಲೂ ಹೇಳಬಾರದು. ಮೊಣಕಾಲಿನ ಸಂಧಿವಾತದಲ್ಲಿ ಸ್ವಲ್ಪ ಆಧಾರವುಂಟು: ಥಾಯ್ಲೆಂಡಿನಲ್ಲಿ 367 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನಕ್ಕೆ 1,500 ಮಿಲಿಗ್ರಾಂ ಅರಿಸಿನದ ಸಾರವು ನಾಲ್ಕು ವಾರಗಳಲ್ಲಿ ಐಬುಪ್ರೊಫೇನ್ ಎಂಬ ನೋವಿನ ಗುಳಿಗೆಗೆ ಸರಿಸಮಾನವಾಗಿ ನೋವನ್ನು ಇಳಿಸಿತು, ಹೊಟ್ಟೆಯ ಬಾಧೆ ಕಡಿಮೆಯಾಗಿತ್ತು. ಮಗನು ಡಬ್ಬಿ ಕಳುಹಿಸಿದುದು ಬರಿಯ ಭ್ರಮೆಯಿಂದಲ್ಲವೆಂದು ಹೇಳಲು ಇಷ್ಟು ಸಾಕು. ಆದರೆ ನಾಲ್ಕು ವಾರದ ನೋವಿನ ಮಾತು ಬೇರೆ; ಕ್ಯಾನ್ಸರ್, ಮರೆವು, ಹೃದ್ರೋಗಗಳ ಮಾತು ಬೇರೆ. ಕರ್ಕ್ಯುಮಿನಿನ ಮೇಲೆ ನಡೆದ 120ಕ್ಕೂ ಹೆಚ್ಚು ಮಾನವ ಪರೀಕ್ಷೆಗಳನ್ನು ಎದುರಿಗಿಟ್ಟುಕೊಂಡು 2017ರಲ್ಲಿ ಅಮೆರಿಕೆಯ ಔಷಧ ರಸಾಯನಜ್ಞರು ಬರೆದ ವಿಸ್ತಾರವಾದ ವಿಮರ್ಶೆಯು, ಕಟ್ಟುನಿಟ್ಟಾದ ಕ್ರಮದಲ್ಲಿ ನಡೆದ ಯಾವುದರಲ್ಲಿಯೂ ಅದು ನಿಸ್ಸಂದೇಹವಾಗಿ ಯಶಸ್ವಿಯಾಗಿಲ್ಲವೆಂಬ ನಿರ್ಣಯಕ್ಕೆ ಬಂದಿತು. ಡಬ್ಬಿಗಳ ಮೇಲೆ ಅಚ್ಚಾಗುವ ಆಂಟಿಆಕ್ಸಿಡೆಂಟ್ ಅಂಕಗಳಂತೂ ನಳಿಗೆಯಲ್ಲಿ ಅಳೆದ ಅಂಕಗಳು. ಅವುಗಳಿಗೂ ಶರೀರದ ಆರೋಗ್ಯಕ್ಕೂ ಸಂಬಂಧವಿದೆಯೆಂದು ತೋರದಿದ್ದುದರಿಂದಲೂ ವ್ಯಾಪಾರಿಗಳು ಅವುಗಳನ್ನು ದುರುಪಯೋಗಪಡಿಸುತ್ತಿದ್ದುದರಿಂದಲೂ ಅಮೆರಿಕೆಯ ಕೃಷಿ ಇಲಾಖೆಯು ತಾನೇ ಪ್ರಕಟಿಸಿದ್ದ ಅಂಥ ಒಂದು ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು.

ಗುಳಿಗೆಯಿಂದ ಲಾಭವಾಗದಿದ್ದರೆ ನಷ್ಟವೇನೂ ಇಲ್ಲವಲ್ಲ, ಅರಿಸಿನವೇ ತಾನೆ ಎಂದು ಹೇಳುವವರುಂಟು. ನಮ್ಮ ಕಡೆಯವರು ಗುಳಿಗೆ ಎನ್ನುವುದನ್ನು ಗ್ರಾಂಥಿಕ ಕನ್ನಡದಲ್ಲಿ ಮಾತ್ರೆಯೆಂದು ಕರೆಯುವರು. ಮಾತ್ರೆಯೆಂದರೆ ಮೂಲದಲ್ಲಿ ಅಳತೆ, ಪ್ರಮಾಣ. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚಿದರೆ ಪದ್ಯದ ಗತಿ ಕೆಡುವಂತೆ ಆಹಾರದಲ್ಲಿ ಮಾತ್ರೆ ತಪ್ಪಿದರೆ ದೇಹದ ಗತಿ ಕೆಡುವುದೆಂಬುದು ನಮ್ಮ ವೈದ್ಯರ ಹಳೆಯ ತಿಳಿವಳಿಕೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯದ ಹೆಸರೇ ‘ಮಾತ್ರಾಶಿತೀಯ’ ಎಂದಿದೆ. ಆ ಅಳತೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಒಬ್ಬ ಮನುಷ್ಯನ ದಿನದ ಊಟದಲ್ಲಿ ಒಂದು ಗ್ರಾಂ ಅರಿಸಿನದ ಪುಡಿ ಬಿದ್ದಿತೆಂದು ಹಿಡಿದರೆ ಅದರಲ್ಲಿರುವ ಕರ್ಕ್ಯುಮಿನ್ ಸುಮಾರು 30 ಮಿಲಿಗ್ರಾಂ. ಆಹಾರದ ಬಣ್ಣವಾಗಿ ದಿನಕ್ಕೆ ಎಷ್ಟರವರೆಗೆ ನಿರಪಾಯವೆಂದು ಅಂತಾರಾಷ್ಟ್ರೀಯ ತಜ್ಞಸಮಿತಿಯು ಗೊತ್ತುಪಡಿಸಿದ ಮಿತಿಯು ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ, ಎಂದರೆ 60 ಕಿಲೋ ತೂಗುವವರಿಗೆ 180. ದೊಡ್ಡವ್ವನ ಒಂದು ಗುಳಿಗೆಯಲ್ಲಿ ಇರುವುದು 475! ಅದೂ ಯಕೃತ್ತಿನ ಕಾವಲನ್ನು ಸಡಿಲಗೊಳಿಸುವ ಕರಿಮೆಣಸಿನ ಸಾರದೊಡನೆ. ಊಟದಲ್ಲಿ ನೂರಾರು ತಲೆಮಾರು ಉಂಡು ಜೀರ್ಣಿಸಿಕೊಂಡ ಅನುಭವವು ಈ ಪ್ರಮಾಣಕ್ಕೆ ಸಾಕ್ಷಿಯಾಗಲಾರದು.

ಅಮೆರಿಕೆಯಲ್ಲಿ ಔಷಧಗಳಿಂದ ಯಕೃತ್ತಿಗಾಗುವ ಹಾನಿಯನ್ನು ದಾಖಲಿಸುವ ವೈದ್ಯರ ತಂಡವು 2022ರಲ್ಲಿ ಅರಿಸಿನದ ಸಾರಗಳಿಂದ ಕಾಮಾಲೆಯಂಥ ಯಕೃದ್ಬಾಧೆಗೆ ತುತ್ತಾದ 10 ಮಂದಿಯ ವೃತ್ತಾಂತವನ್ನು ಪ್ರಕಟಿಸಿತು. ಅವರಲ್ಲಿ 7 ಮಂದಿಗೆ ಒಂದು ವಿಶಿಷ್ಟ ವಂಶವಾಹಿ ಇದ್ದಿತು, ಒಬ್ಬರು ತೀರಿಕೊಂಡರು. ಲಕ್ಷಾಂತರ ಜನರು ನುಂಗುವಲ್ಲಿ ಇದು ಅಪರೂಪದ ಘಟನೆಯೇ ಸರಿ. ಆದರೆ ಯಾರೊಳಗೆ ಆ ವಂಶವಾಹಿಯಿದೆಯೆಂಬುದು ಮುಖ ನೋಡಿದರೆ ತಿಳಿಯುವಂತಿಲ್ಲ. ಗುಳಿಗೆ ತೆಗೆದುಕೊಳ್ಳುತ್ತಿರುವವರಿಗೆ ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ಊಟ ಸೇರದಿರುವುದು ಕಂಡೊಡನೆ ಅದನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು. ರಕ್ತ ತೆಳುವಾಗುವುದಕ್ಕೆ ಔಷಧ ತೆಗೆದುಕೊಳ್ಳುವವರು, ಪಿತ್ತಕೋಶದಲ್ಲಿ ಹರಳಿರುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು, ಅಪಸ್ಮಾರಕ್ಕೆ ಫೆನಿಟಾಯಿನ್ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಪ್ರಾರಂಭಿಸಲೇಬಾರದು. ಪೈಪರಿನ್ ಎಂಬುದು ಕರ್ಕ್ಯುಮಿನನ್ನು ತಡೆದು ನಿಲ್ಲಿಸುವಂತೆಯೇ ಬೇರೆ ಔಷಧಗಳನ್ನೂ ರಕ್ತದಲ್ಲಿ ಹೆಚ್ಚುಹೊತ್ತು ನಿಲ್ಲಿಸಬಲ್ಲದು. ದೊಡ್ಡವ್ವ ಎರಡು ವರ್ಷದಿಂದ ಹೃದಯಕ್ಕೆಂದು ರಕ್ತ ತೆಳುವಾಗುವ ಔಷಧ ತೆಗೆದುಕೊಳ್ಳುತ್ತಿದ್ದಾಳೆ. ಆ ವಿಷಯ ಮಗನಿಗೂ ಗೊತ್ತಿತ್ತು. ಆದರೆ ಅರಿಸಿನಕ್ಕೂ ಅದಕ್ಕೂ ಏನು ಸಂಬಂಧವೆಂದು ಅವನು ಯೋಚಿಸಿರಲಿಲ್ಲ. ಯಾರು ತಾನೆ ಯೋಚಿಸುವರು?

“ದೊಡ್ಡವ್ವಾ, ಡಾಕ್ಟರಿಗೆ ತೋರಿಸೂತನಕ ಇದನ್ನ ತಗೋಬ್ಯಾಡ,” ಎಂದೆ.

“ತಗೊಳ್ಳೂದುಲ್ಲ ಬಿಡು. ಸಾರಿಗೆ ಹಾಕೂದನೂ ಬಿಡಬೇಕೇನು ಮತ್ತ?”

ಸಾರಿನದು ಬಿಡಬೇಕಾಗಿಲ್ಲವೆಂದು ವೈದ್ಯರೂ ಹೇಳಿದರು. ಆದರೆ ಸಾರಿಗೆ ಹಾಕುವ ಪುಡಿಯಾದರೂ ಶುದ್ಧವಾಗಿರಬೇಕಷ್ಟೆ. ಹೊಳಪಿಗಾಗಿ ಅರಿಸಿನಕ್ಕೆ ಸೀಸದ ಕ್ರೋಮೇಟ್ ಎಂಬ ಹಳದಿಯ ಬಣ್ಣವನ್ನು ಬೆರೆಸುವ ದುಷ್ಟ ಪದ್ಧತಿಯೊಂದುಂಟು. ಸೀಸವು ಮಕ್ಕಳ ಮಿದುಳಿಗೆ ಮಾಡುವ ಹಾನಿಯನ್ನು ಯಾವ ನಿರೋಧಕವೂ ಸರಿಪಡಿಸಲಾರದು. ಬಾಂಗ್ಲಾದೇಶದಲ್ಲಿ ಸಂಶೋಧಕರು 2019ರಲ್ಲಿ ಇದನ್ನು ಬಯಲಿಗೆಳೆದಾಗ ಪೇಟೆಯ ಮಾದರಿಗಳಲ್ಲಿ ನೂರಕ್ಕೆ 47 ಕಲಬೆರಕೆಯಾಗಿದ್ದುವು. ಸರ್ಕಾರ ಅಂಗಡಿಗಳಿಗೆ ದಂಡ ಹಾಕಿ, ಊರೂರಿಗೆ ಎಚ್ಚರಿಕೆ ಕೊಟ್ಟ ಮೇಲೆ 2021ರಲ್ಲಿ ಒಂದೂ ಉಳಿಯಲಿಲ್ಲ. ಮನಸ್ಸು ಮಾಡಿದರೆ ಎರಡೇ ವರ್ಷದ ಕೆಲಸ. ನಮ್ಮಲ್ಲಿಯೂ ಬಿಡಿಯಾಗಿ ಮಾರುವ ಪುಡಿಯನ್ನು ಕೊಳ್ಳುವುದಕ್ಕಿಂತ ಕೊಂಬನ್ನೇ ಕೊಂಡು ಬೀಸಿಸಿಕೊಳ್ಳುವುದು ಮೇಲು. ಕೊಂಬಿನಲ್ಲಿಯೂ ಅತಿಯಾಗಿ ಹೊಳೆಯುವ, ಕೈಗೆ ಬಣ್ಣ ಉದುರುವ ಕೊಂಬು ಬೇಡ. ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ, ಗಡಿಯಾಚೆಯ ಪಟ್ಟಣಕೊಡೋಲಿಯ ಬೀರದೇವನ ಜಾತ್ರೆಯಲ್ಲಿ ಆಕಾಶವೇ ಹಳದಿಯಾಗುವಂತೆ ಭಂಡಾರ ಹಾರುವುದನ್ನು ಕಂಡು ನಾನೂ ಕೈಮುಗಿದಿದ್ದೇನೆ. ಆದರೆ ಪೂಜೆಗೆಂದು ಮಾರುವ ಪುಡಿಯಲ್ಲಿ ಉಳಿದುದನ್ನು ಅಡುಗೆಯ ಡಬ್ಬಿಗೆ ಸುರಿಯುವ ರೂಢಿಯನ್ನು ನಮ್ಮ ಮನೆಗಳು ಬಿಡಬೇಕು. ಹಣೆಗೆ ಹಚ್ಚುವ ಪುಡಿಗೆ ಆಹಾರದ ಕಾನೂನಿನ ಪರೀಕ್ಷೆಯಿಲ್ಲ.

ಶರೀರದ ಕಿಡಿಗಳನ್ನು ಹದದಲ್ಲಿಡುವ ಆಹಾರ ನಮ್ಮ ತಾಟಿನಲ್ಲಿ ಮೊದಲಿನಿಂದಲೂ ಇದೆ. ಬಿಳಿಜೋಳದ ರೊಟ್ಟಿ, ಪುಂಡಿ ಪಲ್ಲೆ, ಹಸಿಯ ಮೆಂತ್ಯೆ ಪಲ್ಲೆ, ಉಳ್ಳಾಗಡ್ಡಿ, ಅಗಸಿ ಹಿಂಡಿ, ಚಳಿಗಾಲದ ನೆಲ್ಲಿಕಾಯಿ, ಪೇರಲ ಹಣ್ಣು, ಇವುಗಳಲ್ಲಿ ನೂರಾರು ಬಗೆಯ ನಿರೋಧಕಗಳು ಅಲ್ಪಾಲ್ಪ ಮಾತ್ರೆಯಲ್ಲಿ, ಒಂದರ ಜೊತೆಗೊಂದು ಬೆರೆತು ಬರುತ್ತವೆ. ಸೊಪ್ಪು ತರಕಾರಿ ಹಣ್ಣುಗಳನ್ನು ಹೆಚ್ಚಾಗಿ ತಿನ್ನುವವರು ಆರೋಗ್ಯದಿಂದ ಹೆಚ್ಚು ಕಾಲ ಬಾಳುವರೆಂಬುದನ್ನು ದೇಶದೇಶಗಳ ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ಅವುಗಳಿಂದ ಒಂದೊಂದನ್ನೇ ಬೇರ್ಪಡಿಸಿ ಗುಳಿಗೆ ಮಾಡಿದಾಗ ಆ ಲಾಭವು ಕೈಗೆ ಸಿಗದೆ ಹೋಗಿದೆ.

ಹೋದ ತಿಂಗಳು ದೊಡ್ಡವ್ವ ತವರಿನಿಂದ ಐದು ಕಿಲೋ ಹೊಸ ಅರಿಸಿನವನ್ನು ತರಿಸಿದಳು. ಚೀಲವನ್ನು ಜಗುಲಿಯ ಮೇಲೆ ಸುರಿದು, ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಕುಳಿತಲ್ಲಿಯೇ, ಒಂದೊಂದಾಗಿ ಕೊಂಬನ್ನು ಎತ್ತಿ ಎರಡೂ ಕೈಯಿಂದ ಮುರಿಯುತ್ತಿದ್ದಳು. ಚೆನ್ನಾಗಿ ಒಣಗಿದ ಕೊಂಬು ಮುರಿದರೆ ಕಂಚಿನ ಬಿಲ್ಲೆ ನೆಲಕ್ಕೆ ಬಿದ್ದಂತೆ ಸಪ್ಪಳವಾಗಬೇಕು; ತೇವ ಉಳಿದದ್ದು ಸದ್ದಿಲ್ಲದೆ ಬಾಗುವುದು, ಅಂಥದು ಬೂಸ್ಟು ಹಿಡಿಯುವುದು. ಸಪ್ಪಳ ಬಂದುದು ಬಲಗಡೆಗೆ, ಬಾರದಿದ್ದುದು ಇನ್ನೆರಡು ದಿನ ಬಿಸಿಲಿಗೆಂದು ಎಡಗಡೆಗೆ. ನನ್ನ ಕೈಗೂ ಒಂದನ್ನು ಕೊಟ್ಟಳು. ನಾನು ಮುರಿದೆ, ಒಳಗೆ ಕುಂಕುಮಕ್ಕೆ ಸಮೀಪವಾದ ಕಿತ್ತಳೆಯ ಬಣ್ಣ, ಅದರೊಡನೆಯೇ ಆ ವಾಸನೆ.

“ಮೂಸಿ ನೋಡು,” ಎಂದಳು, “ಇದು ನಮ್ಮ ಹೊಲದ್ದು.”